ಮೂರು ಬಟ್ಟಲು ಎಣ್ಣೆ

ಅವಳು ಮೂರನೆಯ ಬಟ್ಟಲನ್ನೂ ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ಮೊದಲನೆಯದು ತಾಳೆ ಎಣ್ಣೆ, ಎರಡನೆಯದು ಕಡಲೆಕಾಯಿಯದು, ಇದು ಅಕ್ಕಿ ತೌಡಿನದು. ಅವಳ ಪಾಲಿಗೆ ಮೂರೂ ಬೆಚ್ಚಗಿನ ನೀರೇ.

ಚಿಪ್ಸ್ ಕಾರ್ಖಾನೆಗೆ ಸೂರ್ಯಕಾಂತಿ ಎಣ್ಣೆ ಕೊಡುತ್ತಿದ್ದವರು ಕೈಯೆತ್ತಿಬಿಟ್ಟಿದ್ದರು. ಇನ್ನು ಯಾವ ಎಣ್ಣೆಯಲ್ಲಿ ಕರಿಯುವುದೆಂದು ಈ ಬೆಳಿಗ್ಗೆಯೇ ತೀರ್ಮಾನವಾಗಬೇಕಿತ್ತು. ತೀರ್ಮಾನ ಅವಳ ಮೂಗಿನದು. ಹದಿನಾರು ವರ್ಷದಿಂದ ಹಾಗೇ ನಡೆದುಬಂದಿತ್ತು. ಒಂದು ಹನಿ ಎಣ್ಣೆಯನ್ನು ಅಂಗೈಗೆ ಹಾಕಿ, ತಿಕ್ಕಿ, ಇಪ್ಪತ್ತು ಎಣಿಸಿ ಮೂಸುತ್ತಿದ್ದಳು. ಕಮಟು ಹಿಡಿದಿದ್ದರೆ ಬೇಡ ಎನ್ನುತ್ತಿದ್ದಳು, ಅಷ್ಟೇ. ಅದಕ್ಕೇ ಮೂಗಕ್ಕ ಎಂಬ ಹೆಸರು. ಹೊಸದಾಗಿ ಸೇರಿದವರು ಪಾಪ, ಮಾತು ಬಾರದ ಹೆಂಗಸೆಂದುಕೊಂಡು ಕೈಸನ್ನೆ ಮಾಡುತ್ತಿದ್ದರು. "ಮಾತು ಬರುತ್ತೆ ಕಣ್ರೀ, ಆಡೋಕೆ ಬಿಡುವಿಲ್ಲ" ಎಂದು ಅವಳು ಅಂದಾಗ ಬೆಚ್ಚಿಬೀಳುತ್ತಿದ್ದರು.

ಮೂರು ವಾರದ ಹಿಂದೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಗಿತ್ತು. ಮನೆಯಲ್ಲಿ ಹಾಲು ತಳ ಹತ್ತಿ ಕರಕಲಾಗುತ್ತಿದ್ದರೂ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದಳು. ಮೂಗನ್ನ ಕಾರ್ಖಾನೇಲೇ ಬಿಟ್ಟು ಬರ್ತೀಯೇನೇ ಎಂದು ಅತ್ತೆ ಹಂಗಿಸಿದ್ದರು. ಅವಳು ನಕ್ಕಂತೆ ಮಾಡಿದ್ದಳು. ಮನೆಯಲ್ಲೂ ಕಾರ್ಖಾನೆಯಲ್ಲೂ ಬಾಯಿ ಬಿಡಲಿಲ್ಲ. ಹೇಳಿದರೆ ಕೂತು ಮೂಸುವ ಈ ಬೆಂಚು ಬಿಟ್ಟು, ಮೊದಲಿನಂತೆ ಬಾಣಲೆಯ ಮುಂದೆ ಎಂಟು ಗಂಟೆ ನಿಲ್ಲಬೇಕು. ಅವಳ ಮಂಡಿ ಎಂಟು ನಿಮಿಷಕ್ಕೇ ಮುನಿಸಿಕೊಳ್ಳುತ್ತಿತ್ತು. ನಾಳೆ ಸರಿಹೋದೀತು, ನಾಡಿದ್ದು ಸರಿಹೋದೀತು ಎಂದುಕೊಳ್ಳುತ್ತ ಬಂದ ಎಣ್ಣೆಯನ್ನೆಲ್ಲ ಬಣ್ಣ ನೋಡಿ, ನೊರೆ ನೋಡಿ ದಾಟಿಸಿದ್ದಳು.

ಈಗಲೂ ಕಣ್ಣಿಗೆ ಕಂಡಷ್ಟನ್ನು ನೋಡಿದಳು. ಮೂರರಲ್ಲೂ ಆಲೂಗಡ್ಡೆ ಬಿಲ್ಲೆಗಳನ್ನು ಕರಿಸಿದ್ದಾಯಿತು. ತಾಳೆ ಎಣ್ಣೆಯವು ಗರಿಗರಿ, ಆದರೆ ಆರಿದ ಮೇಲೆ ತುಟಿಗೆ ಮೇಣದಂತೆ ಮೆತ್ತುತ್ತಿದ್ದವು. ಕಡಲೆಕಾಯಿಯದು ನೊರೆಯೆಬ್ಬಿಸಿತು, ಮೇಲಾಗಿ ದುಬಾರಿ. ತೌಡಿನದು ತಿಳಿಯಾಗಿತ್ತು, ಬಿಲ್ಲೆಗಳೂ ಹದವಾಗಿ ಕೆಂಪಗಾಗಿದ್ದವು.

"ಏನಮ್ಮಾ, ಇಪ್ಪತ್ತು ಆಯ್ತಾ, ಇಲ್ಲ ಇನ್ನೂರಕ್ಕೆ ಹೊರಟ್ಯಾ?" ಎಂದ ಮೇಸ್ತ್ರಿ.

"ತೌಡಿನದು ಆಗುತ್ತೆ."

ಪಕ್ಕದಲ್ಲೇ ನಿಂತಿದ್ದ ಕಾರ್ಖಾನೆಯ ಯಜಮಾನರು ತಲೆಯಾಡಿಸಿ, ಎಣ್ಣೆಯ ಲಾರಿ ಕಳಿಸಲು ಹೇಳುವುದಕ್ಕೆ ಫೋನಿನ ಕಡೆ ಹೊರಟರು. ಅವಳು ಹೇಳಿದ ಮೇಲೆ ಎರಡನೆಯ ಮಾತು ಕೇಳುವವರಲ್ಲ ಅವರು.

ಬಟ್ಟಲು ತೊಳೆಯಲು ಒಯ್ಯಲೆಂದು ಪ್ಯಾಕಿಂಗ್ ಕಡೆಯಿಂದ ಅವಳ ನಾದಿನಿ ಬಂದಳು. ತೌಡಿನೆಣ್ಣೆಯ ಬಟ್ಟಲು ಎತ್ತಿದವಳೇ ಮುಖ ಹಿಂದಕ್ಕೆಳೆದುಕೊಂಡಳು.

"ಅತ್ತಿಗೆ, ಇದನ್ನ ಬೇಡ ಅಂದ್ರಿ ತಾನೆ?" ಎಂದು ಪಿಸುಗುಟ್ಟಿದಳು. "ಹಳೇ ಪೇಂಟ್ ಡಬ್ಬದ ಮುಚ್ಚಳ ತೆಗೆದಂಗಿದೆ."

ನಾದಿನಿ ಮನೆಯವಳು. ಸುಮ್ಮನಿರು ಎಂದರೆ ಸುಮ್ಮನಿರುವವಳು. ಮೂಗಕ್ಕ ಅವಳ ಕೈಯಿಂದ ಬಟ್ಟಲು ತೆಗೆದು ಬದಿಗಿಟ್ಟಳು. ಆಮೇಲೆ ಬೆಂಚಿಗೆ ಕೈಯೂರಿ ಎದ್ದಳು.

"ಯಜಮಾನ್ರೇ, ಲಾರಿ ಬೇಡ ಅನ್ನಿ. ನನಗೆ ವಾಸನೆ ಗೊತ್ತಾಗ್ತಿಲ್ಲ. ಜ್ವರ ಬಂದಾಗಿಂದ."

ಯಜಮಾನರು ಫೋನು ಕೆಳಗಿಟ್ಟರು. "ಮತ್ತೆ ಆಮೇಲೆ ಬಂದಿದ್ದೆಲ್ಲ?"

"ಕಣ್ಣಲ್ಲಿ ನೋಡಿ ಹೇಳಿದೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಎಣ್ಣೆಯಲ್ಲಿ ಕರಿದ ಮಾಲು ಎಲ್ಲೆಲ್ಲಿದೆಯೋ ತಡೆದು ನಿಲ್ಲಿಸಲು ಮೇಸ್ತ್ರಿಯನ್ನು ಅಟ್ಟಿದರು. ಉಳಿದ ಎರಡು ಬಟ್ಟಲನ್ನು ನಾದಿನಿಗೆ ಮೂಸಲು ಕೊಟ್ಟರು. ಎರಡೂ ಚೆನ್ನಾಗಿವೆ ಎಂದು ಅವಳು ತಡವರಿಸಿ ಹೇಳಿದಳು. ಕೊನೆಗೆ ಕಡಲೆಕಾಯಿಯದೇ ಇರಲಿ ಎಂದರು ಯಜಮಾನರು, ಮೂಗಕ್ಕನ ಕಡೆ ನೋಡದೆ.

ಮಧ್ಯಾಹ್ನ ಅವಳು ಏಪ್ರನ್ ಕಟ್ಟಿಕೊಂಡು ಬಾಣಲೆಯ ಮುಂದೆ ನಿಂತಳು. ಮೈಭಾರವನ್ನು ಆ ಕಾಲಿನಿಂದ ಈ ಕಾಲಿಗೆ ಬದಲಿಸುತ್ತ ಒಮ್ಮೆ ಹಿಂತಿರುಗಿ ನೋಡಿದಳು. ನಾದಿನಿ ಎಣ್ಣೆ ಮೂಸುವ ಆ ಉದ್ದ ಬೆಂಚಿನ ಮೇಲೆ ಕೂತಿದ್ದಳು, ತೀರಾ ತುದಿಗೆ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.