ಕೈ ತೆಗೆಯುವ ಕೋಣೆ

ಮನೆಯಲ್ಲಿ ಅವಳನ್ನು ಚಿನಕುರುಳಿ ಎಂದೇ ಕರೆಯುತ್ತಿದ್ದರು. ಆರು ವರ್ಷ, ಬಾಯಿಗೆ ಬೀಗವೇ ಇಲ್ಲ. ಅಂಥವಳು ಇವತ್ತು ಆಸ್ಪತ್ರೆಯ ಬೆಂಚಿನ ಮೇಲೆ ತುಟಿಪಿಟಕ್ಕೆನ್ನದೆ ಕೂತಿದ್ದಳು. ಬೆಳಿಗ್ಗೆ ಕಿಟಕಿ ಹತ್ತಿ ಬಿದ್ದು ಊದಿಸಿಕೊಂಡ ಎಡಗೈ ಮಡಿಲಲ್ಲಿತ್ತು. ಪಕ್ಕದಲ್ಲಿ ಅಮ್ಮ, ಏಳು ತಿಂಗಳ ಬಸುರಿ, ಉಸ್ಸಪ್ಪಾ ಎಂದು ಸೊಂಟ ಒತ್ತಿಕೊಳ್ಳುತ್ತಿದ್ದಳು.

ನೋವಿಗೆ ಅವಳು ಹೆದರಿರಲಿಲ್ಲ. ಹೆದರಿದ್ದು ಎದುರಿನ ಬಾಗಿಲಿನಿಂದ ತಲೆ ಹೊರಹಾಕಿದ ಎಕ್ಸ್‌ರೇಯವನ ಮಾತಿಗೆ. ಬೆಳಗಿನಿಂದ ಜನರನ್ನು ನೋಡಿ ನೋಡಿ ಬೇಸತ್ತಿದ್ದ ಆ ಪುಣ್ಯಾತ್ಮ ನರ್ಸಿಗೆ ಕೂಗಿ ಹೇಳಿದ್ದ: "ಈ ತಾತಂದು ಎದೆ ತೆಗೀತೀನಿ. ಆಮೇಲೆ ಆ ಹುಡುಗೀದು ಕೈ ತೆಗೀಬೇಕು, ಅಲ್ವಾ ಸಿಸ್ಟರ್?"

ಎಕ್ಸ್‌ರೇ ತೆಗೆಯಬೇಕು ಅಂತ ಪೂರ್ತಿ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ! ತೆಗೆಯುವುದೆಂದರೆ ಏನೆಂದು ಚಿನಕುರುಳಿಗೆ ಚೆನ್ನಾಗಿ ಗೊತ್ತು. ಅಪ್ಪನ ಹುಳುಕು ಹಲ್ಲು ತೆಗೆದಿದ್ದರು; ಅದು ಮತ್ತೆ ಬಂದಿರಲಿಲ್ಲ.

ತಾತ ಒಳಗೆ ಹೋದ. ಬಾಗಿಲು ಮುಚ್ಚಿ ಮೇಲೆ ಕೆಂಪು ದೀಪ ಹತ್ತಿತು. ಹೊರಗೆ ಬಂದಾಗ ಕತ್ತಿನವರೆಗೂ ಅಂಗಿಯ ಗುಂಡಿ ಹಾಕಿಕೊಂಡಿದ್ದ. ಒಳಗೆ ಎದೆ ಇದೆಯೋ ಇಲ್ಲವೋ ಕಾಣಲಿಲ್ಲ.

"ಮುಂದಿನವ್ರು ಬನ್ನಿ."

"ಅಮ್ಮಾ, ನಾನು ಹೋಗಲ್ಲ."

"ಏನೂ ಆಗಲ್ಲ ಕಣೇ. ನಾನೂ ಬರ್ತೀನಿ, ನಡಿ," ಎಂದು ಅಮ್ಮ ಎದ್ದಳು.

ಎಕ್ಸ್‌ರೇಯವನು ಅಮ್ಮನ ಹೊಟ್ಟೆ ನೋಡಿದವನೇ ಕೈ ಅಡ್ಡ ಹಿಡಿದ. "ಅಯ್ಯಯ್ಯೋ, ನೀವು ಬರ್ಬೇಡಿ ಅಮ್ಮಾ. ಹೊಟ್ಟೇಲಿರೋ ಮಗೂಗೆ ಒಳ್ಳೇದಲ್ಲ."

"ಹೆದರ್ಕೊಂಡಿದಾಳೆ ಸರ್, ಒಬ್ಬಳೇ ನಿಲ್ಲಲ್ಲ. ಒಂದೇ ನಿಮಿಷ, ಬಾಗಿಲ ಹತ್ರಾನೇ ಇರ್ತೀನಿ."

ಅಮ್ಮ ಹೊಸಿಲ ಮೇಲೆ ಕಾಲಿಟ್ಟೇಬಿಟ್ಟಳು. ಚಿನಕುರುಳಿ ಅಮ್ಮನ ಹೊಟ್ಟೆ ನೋಡಿದಳು. ಹೊಟ್ಟೆಯಲ್ಲಿರುವ ಪಾಪುವಿಗೂ ಕೈ ಇರುತ್ತದೆ ಎಂದು ಅಮ್ಮನೇ ಹೇಳಿದ್ದಳಲ್ಲ!

"ನೀನು ಬರ್ಬೇಡ!" ಎಂದು ಕಿರುಚಿ ಅವಳು ಅಮ್ಮನ ಪಕ್ಕದಿಂದ ನುಸುಳಿ ತಾನೇ ಒಳಗೆ ನುಗ್ಗಿದಳು.

ಕೋಣೆ ತಣ್ಣಗಿತ್ತು. ಕಪ್ಪು ಮೂತಿಯ ಯಂತ್ರವೊಂದು ಮೇಲಿನಿಂದ ಇಳಿಬಿದ್ದಿತ್ತು. ಅವಳ ಮೂಗು ಸೋರುತ್ತಿತ್ತು. ಆದರೂ ಎಡಗೈಯನ್ನು ತಾನೇ ಎತ್ತಿ ಮೇಜಿನ ಮೇಲಿಟ್ಟಳು.

"ಅಲುಗಾಡಬಾರ್ದು ಪುಟ್ಟಿ."

"ಇಲ್ಲ. ಬೇಗ ತೆಗೀರಿ," ಎಂದು ಕಣ್ಣು ಮುಚ್ಚಿದಳು.

ಟಕ್ ಎಂದು ಸದ್ದಾಯಿತು. "ಹಾಂ, ತೆಗೆದಾಯ್ತು. ಭೇಷ್!"

ಅವಳು ಒಂದೇ ಕಣ್ಣು ತೆರೆದು ನೋಡಿದಳು. ಐದು ಬೆರಳೂ ಇದ್ದವು. "ಇಲ್ಲೇ ಇದೆಯಲ್ಲ ಕೈ! ಮತ್ತೆ ತೆಗೀತೀರಾ?"

ಎಕ್ಸ್‌ರೇಯವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖ ಪೆಚ್ಚಾಯಿತು. ಮೊಣಕಾಲೂರಿ ಕೂತು, "ತೆಗೆಯೋದು ಫೋಟೋ ಕಣಮ್ಮಾ, ಕೈಯಲ್ಲ," ಎಂದ. ಹೊರಗೆ ಬಂದು ಅಮ್ಮನಿಗೂ ಹೇಳಿದ.

ಅಮ್ಮನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ಕೈಯೇ ಹೋಗುತ್ತೆ ಅಂದ್ಕೊಂಡೂ ಯಾಕೇ ಒಬ್ಬಳೇ ಒಳಗೆ ಹೋದೆ?"

"ನೀನು ಬಂದಿದ್ರೆ ಪಾಪೂದು ತೆಗೆದುಬಿಡ್ತಿದ್ರು. ಪಾಪು ಇನ್ನೂ ಏನೂ ಮುಟ್ಟೇ ಇಲ್ಲ. ನಾನಾದ್ರೆ ಎಲ್ಲಾ ಮುಟ್ಟಿದೀನಲ್ಲ."

ಅಮ್ಮ ಬೆಂಚಿನ ಮೇಲೆ ಕುಸಿದು ಕೂತಳು. ಸುತ್ತ ಜನರಿದ್ದಾರೆ ಎನ್ನುವುದನ್ನೂ ಮರೆತು, ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟಳು.