ಹಿಂಡಬಾರದ ಅಂಗಿ

ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಪಂಪಾವತಿ ಮತ್ತೆ ಗಂಡನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಬಣ್ಣ ಹಚ್ಚಿಕೊಳ್ಳಲು ಕೂತನೆಂದರೆ ವಿರೇಶ ಮೊಬೈಲನ್ನು ಟ್ರಂಕಿಗೆ ಹಾಕಿಬಿಡುತ್ತಾನೆ. ಹಾಳಾದ ಶಿಸ್ತು! "ನಾಟಕದ ಟೆಂಟಿಗೆ ನಡೀರಿ ಅಣ್ಣಾ, ಲಗೂನ," ಎಂದು ಆಟೋ ಹತ್ತಿದಳು. 

ಲಿಂಗಸುಗೂರಿನಿಂದ ಮೊನ್ನೆ ಮಸ್ಕಿಯ ಮನೆಗೆ ಬಂದ ಅತ್ತೆ ಗಾಳೆಮ್ಮ, ಮಗನ ನಾಟಕ ನೋಡಬೇಕೆಂದು ಬೆಳಿಗ್ಗೆ ಅವನ ಜೊತೆಗೇ ಹೊರಟಿದ್ದಳು. ಪಂಪಾವತಿ ತನ್ನ ಹೊಲಿಗೆ ಅಂಗಡಿಯಿಂದ ಊಟಕ್ಕೆ ಬಂದಾಗ ಪಕ್ಕದ ಮನೆಯ ಖಾತೂನ್‌ಬೀ ನಗುತ್ತ ಹೇಳಿದ್ದಳು: "ನಿಮ್ಮತ್ತಿ ಆ ದಪ್ಪ ಅಂಗಿ ನಿನ್ನೆ ಎಷ್ಟು ತಿಕ್ಕಿ ಒಗದ್ರವ್ವ! ಬೆವರಿನ ಉಪ್ಪು ಕಟ್ಟೇತಿ, ಸೊಸಿ ಕಣ್ಣಿಗೆ ಕಾಣೂದಿಲ್ಲೇನು ಅಂತ ಬೈದ್ರು."

ಉಪ್ಪಲ್ಲ ಅದು, ಬಟ್ಟೆಗೆ ಬೆಂಕಿ ಹತ್ತದಂತೆ ತಡೆಯುವ ಬಿಳಿಗಾರ. ಗುಡಿಸಲು ಉರಿಯುವ ದೃಶ್ಯದಲ್ಲಿ ವಿರೇಶ ಬೆನ್ನಿಗೆ ಬೆಂಕಿ ಹೊತ್ತು ಹೊರಗೆ ಜಿಗಿಯಬೇಕು. ಅದಕ್ಕೇ ಪಂಪಾವತಿ ಅಂಗಿಯನ್ನು ಬಿಳಿಗಾರದ ನೀರಿನಲ್ಲಿ ಅದ್ದಿ, ಹಿಂಡದೆ ಒಣಗಿಸುತ್ತಿದ್ದಳು. ಮೇಲೆ ಬಳಿದ ಲೇಪ ಉರಿದು ಆರುತ್ತಿತ್ತು, ಬಟ್ಟೆ ಬರೀ ಕಪ್ಪಾಗುತ್ತಿತ್ತು. ಸೋಪು ಹಾಕಿ ಒಗೆದರೆ ಮುಗಿಯಿತು, ಅದೂ ಎಲ್ಲರ ಅಂಗಿಯಂತೆ ಒಂದು ಅಂಗಿ.

ಟೆಂಟಿನ ಹಿಂದೆ ಬೆಂಕಿಯ ಕೆಲಸದ ನಾಸೀರ್ ಲೇಪದ ಡಬ್ಬಿ ಹಿಡಿದು ನಿಂತಿದ್ದ. ವಿರೇಶ ಬೆನ್ನು ತಿರುಗಿಸಿದ್ದ.

"ಹಚ್ಚಬ್ಯಾಡ್ರಿ ಭಾಯ್! ಅಂಗಿ ಒಗದಾರ!"

"ಹೋದ ವಾರ ಏನೂ ಆಗಲಿಲ್ಲಲ್ಲ ಭಾಬಿ? ಜನ ಬೆಂಕಿ ನೋಡಾಕಂತನ ಬಂದಾರ."

ಮಾತಾಡಿ ಒಪ್ಪಿಸಲು ಹೊತ್ತೆಲ್ಲಿ? ಚೀಲದಿಂದ ಕತ್ತರಿ ತೆಗೆದು ಅಂಗಿಯ ಅಂಚನ್ನು ಚರಕ್ಕನೆ ಕತ್ತರಿಸಿ ನಾಸೀರನ ಕೈಗಿಟ್ಟಳು. ಅವನು ದೂರ ಸರಿದು ಕಡ್ಡಿ ಗೀರಿದ. ತುಂಡು ಭಗ್ಗನೆ ಹತ್ತಿ ಬೆರಳಿಗೇ ಬಂತು. "ಯಾ ಅಲ್ಲಾ!" ಎಂದು ನೆಲಕ್ಕೆಸೆದು ತುಳಿದ.

ಬಣ್ಣದ ಕೆಳಗೂ ವಿರೇಶನ ಮುಖ ಬಿಳಿಚಿತು. "ಯಾರು ಒಗದ್ರು?"

"ಅತ್ತಿ."

ಅಷ್ಟರಲ್ಲಿ ಪೇಟಿ, ತಬಲಾ ಜೋರಾದವು. ನಾಸೀರ್ ಡಬ್ಬಿಯ ಮುಚ್ಚಳ ಬಿಗಿದ. ವಿರೇಶ ಬೆಂಕಿಯಿಲ್ಲದೇ ಜಿಗಿದ. ಜನ ಸಿಳ್ಳೆ ಹಾಕಿ, "ಲೇ, ಬೆಂಕಿ ಎಲ್ಲೇತಲೇ?" ಎಂದು ಕೂಗಿದರು. ಪಂಪಾವತಿಗೆ ಆ ಬೈಗುಳ ಕೇಳಿ ಅಳುವಷ್ಟು ಖುಷಿಯಾಯಿತು.

ಆಟ ಮುಗಿದೊಡನೆ ಗಾಳೆಮ್ಮ ಪರದೆ ಸರಿಸಿ ಒಳಗೆ ಬಂದಳು. "ಜನ ನನ್ನ ಮಗನ್ನ ನೋಡಿ ನಕ್ಕರಲ್ಲೋ! ಬೆಂಕಿ ಯಾಕ ಹಚ್ಚಲಿಲ್ಲ?"

"ಕಡ್ಡಿ ತೊಯ್ದಿದ್ವು ಯವ್ವಾ," ಎಂದ ವಿರೇಶ.

ಪಂಪಾವತಿ ಬಕೆಟ್ಟಿನಲ್ಲಿ ನೀರು ತಂದು ಚೀಲದಲ್ಲಿದ್ದ ಬಿಳಿಗಾರದ ಪುಡಿ ಸುರಿದಳು. ನಾಳೆಯೂ ಆಟವಿತ್ತು. ಗಾಳೆಮ್ಮ ಆ ಬಿಳಿ ಪುಡಿ ನೋಡಿದಳು. ಅಂಗಿಯ ಕತ್ತರಿಸಿದ ಅಂಚು ನೋಡಿದಳು. ನಾಸೀರನ ಬೊಬ್ಬೆಯೆದ್ದ ಬೆರಳು ನೋಡಿದಳು.

"ಇದು ಉಪ್ಪಲ್ಲೇನು?"

"ಅಲ್ಲರಿ ಅತ್ತಿ."

ಮುದುಕಿ ಪಟ್ಟನೆ ಕುಕ್ಕರಗಾಲಲ್ಲಿ ಕೂತಳು. ಸೊಸೆಯ ಕೈಯಿಂದ ಅಂಗಿ ಇಸಿದುಕೊಂಡು ನೀರಿನಲ್ಲಿ ಮುಳುಗಿಸಿದಳು. 

"ಹಿಂಡಬೇಕೇನವ್ವ?"

"ಹಿಂಡಬಾರದ್ರಿ."

ಗಾಳೆಮ್ಮ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ನೀರು ಮೊಣಕೈಗುಂಟ ಇಳಿದು ಸೀರೆ ತೊಯ್ಯುತ್ತಿತ್ತು. ಅವಳು ಹಾಗೇ ಹಿಡಿದುಕೊಂಡೇ ಕೂತಳು.