ಕೆಳಗಿನ ಉರುಳೆ

ಮಗಳಿಗೆ ಇನ್ನೊಂದು ಸುಳ್ಳು ಹೊಳೆಯುವ ಮೊದಲೇ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬಿಸಿಲು ಜೋರಾಗಿದೆ ಅಮ್ಮಾ."

"ಬೆಳಿಗ್ಗೆ ಮಳೆ ಬರತ್ತೆ ಅಂದೆ."

"ಜನ ಜಾಸ್ತಿ ಇರ್ತಾರೆ."

"ಯಾರೂ ಬರದೇ ಇದ್ರೆ ತಾನೆ ನೀನು ಅಳಬೇಕಾದ್ದು? ನಡಿಯೇ."

ಬಾಯಿಯ ಬಲಭಾಗ ಜೋತುಬಿದ್ದ ಮೇಲೆ ಅಮ್ಮನ ಮಾತು ತೊದಲುತ್ತಿತ್ತು. ಮೊನಚು ಮಾತ್ರ ಹಾಗೇ ಉಳಿದಿತ್ತು. ಪಾರ್ಶ್ವವಾಯು ಹೊಡೆದಂದಿನಿಂದ ಆಸ್ಪತ್ರೆಗಲ್ಲದೆ ಎಲ್ಲಿಗೂ ಹೋಗದವಳು ಇವತ್ತು ಮಗಳ ಕೆಲಸ ನೋಡಲು ಹೊರಟಿದ್ದಳು. ಹೊಸ್ತಿಲು ದಾಟುತ್ತಲೇ ಎಡಗೈಯ ಕರವಸ್ತ್ರ ಬಾಯಿಗೆ ಹೋಯಿತು.

ಆ ಕೆಲಸ ಊರ ನಡುವಿನ ಚೌಕದಲ್ಲಿತ್ತು. ಒಂದರ ಮೇಲೊಂದು ಕೂರಿಸಿದ ಮರದ ಮೂರು ಉರುಳೆಗಳು. ಹಳೆಯ ಕಾಲದ ಚಿತ್ರಗಳ ರಾಣಿಯರು, ಸೇನಾಪತಿಗಳು, ಸಂತರನ್ನು ನೋಡಿ ಮಗಳು ಬರೆದ ಮುಖಗಳು: ಮೇಲಿನದರ ಸುತ್ತ ಕಣ್ಣುಗಳು, ನಡುವಿನದರಲ್ಲಿ ಮೂಗುಗಳು, ಕೆಳಗಿನದರಲ್ಲಿ ಬಾಯಿಗಳು. ಯಾರು ಬೇಕಾದರೂ ತಿರುಗಿಸಿ ರಾಣಿಗೆ ಮೀಸೆ ಹಚ್ಚಬಹುದು.

ಕೆಳಗಿನ ಉರುಳೆಯಲ್ಲಿ ಒಂದು ಜಾಗ ಉಳಿದಿತ್ತು. ಹಳೆಯ ಚಿತ್ರಗಳ ಬಾಯಿಗಳೆಲ್ಲ ಬಿಗಿದುಕೊಂಡಿದ್ದವು. "ಜನ ನಗಬೇಕು ಕಣ್ರೀ," ಎಂದಿದ್ದರು ಪ್ರದರ್ಶನದ ನಿರ್ದೇಶಕರು. ವ್ಯಾಯಾಮದಿಂದ ಎಷ್ಟು ಸುಧಾರಿಸಿದೆಯೆಂದು ವೈದ್ಯರಿಗೆ ತೋರಿಸಲು ತೆಗೆದ ಅಮ್ಮನ ಬಾಯಿಯ ಫೋಟೋ ಮಗಳ ಮೊಬೈಲಿನಲ್ಲಿತ್ತು. ಅದನ್ನು ನೋಡಿ ಕೂತಲ್ಲೇ ಬರೆದು ಮುಗಿಸಿದಳು. ಅಷ್ಟು ಚೆನ್ನಾಗಿ ಅವಳು ಇನ್ನೇನನ್ನೂ ಬರೆದಿರಲಿಲ್ಲ. ತಪ್ಪು ಎನಿಸಿದ್ದು ಆಮೇಲೆ. ಮೊದಲು ಆದದ್ದು ಸಂತೋಷವೇ.

ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ನಿರ್ದೇಶಕರಿಗೆ ಫೋನು ಮಾಡಿದ್ದಳು. ಕೆಳಗಿನದನ್ನು ಇವತ್ತೊಂದು ದಿನ ತಿರುಗದಂತೆ ಬಿಗಿದುಬಿಡಬಹುದೇ?

"ತಲೆ ಕೆಟ್ಟಿದ್ಯೇನ್ರೀ? ಜನ ಬರೋದೇ ಆ ಬಾಯಿ ನೋಡೋಕೆ."

ಜನ ಬಂದಿದ್ದರು. ಆ ಬಾಯಿ ಬಂದಾಗಲೆಲ್ಲ ನಗು. ಪಕ್ಕದಲ್ಲಿ ನಿಂತು, ಬಾಯಿ ಸೊಟ್ಟ ಮಾಡಿ ಫೋಟೋ. ಸಾಲಿನಲ್ಲಿದ್ದ ಅಮ್ಮನಿಗೆ ಎದುರಿನವರ ಬೆನ್ನು ಮಾತ್ರ ಕಾಣುತ್ತಿತ್ತು. "ಚೆನ್ನಾಗಿ ನಗ್ತಿದಾರಲ್ಲೇ," ಎಂದಳು ಹೆಮ್ಮೆಯಿಂದ. ಮಗಳು ತನ್ನ ಚಪ್ಪಲಿ ನೋಡಿದಳು.

ಸರದಿ ಬಂತು. ಅಮ್ಮ ಕರವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಒಬ್ಬ ರಾಣಿಯ ಕಣ್ಣು ತಂದಳು. ಒಬ್ಬ ಸಂತನ ಮೂಗು. ಅಷ್ಟಕ್ಕೇ ಕೈ ಸೋತಿತು.

"ಕೆಳಗಿಂದು ನೀನೇ ತಿರುಗ್ಸು."

ಮಗಳು ತಿರುಗಿಸಿ ಸೇನಾಪತಿಯ ಮೀಸೆಬಾಯಿಗೆ ನಿಲ್ಲಿಸಿದಳು. ಉರುಳೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಳು.

"ಅದಲ್ಲ ಮೇಡಂ, ಅದರ ಮುಂದಿಂದು!" ಹಿಂದಿನಿಂದ ಯಾರೋ ಕೂಗಿದರು. "ಮಜಾ ಇರೋದೇ ಅಲ್ಲಿ!"

"ಮುಂದಿಂದು ತೋರ್ಸೇ," ಎಂದಳು ಅಮ್ಮ.

"ಬಿಗಿಯಾಗಿದೆ."

ಕೂಗಿದವನು ಕೈ ಚಾಚಿ ತಿರುಗಿಸಿಯೇಬಿಟ್ಟ. ಬೆಣ್ಣೆ ಜಾರಿದಂತೆ ಜಾರಿ, ರಾಣಿಯ ಕಣ್ಣುಗಳ ಕೆಳಗೆ ಆ ಬಾಯಿ ಬಂದು ನಿಂತಿತು. ನಗು ಚೌಕವನ್ನೆಲ್ಲ ಸುತ್ತಿ ಬಂತು.

ಅಮ್ಮ ಮತ್ತೆ ಕರವಸ್ತ್ರವನ್ನು ಬಾಯಿಗೊತ್ತಿ ಬಹಳ ಹೊತ್ತು ನೋಡಿದಳು.

"ಯಾರ ಬಾಯೇ ಇದು?"

"ಯಾವುದೋ ಹಳೇ ಚಿತ್ರದ್ದು."

"ಬಣ್ಣ ಚೆನ್ನಾಗಿ ಕೂತಿದೆ." ಉರುಳೆಯಿಂದ ಕಣ್ಣು ಕೀಳದೆ, "ಬರೆಯೋವಾಗ ಅವಳನ್ನ ಒಂದು ಮಾತು ಕೇಳಿದ್ರೋ ಇಲ್ವೋ, ಪಾಪ," ಎಂದಳು.

"ಅಜ್ಜೀ, ಇಲ್ಲಿ ನೋಡಿ! ಕರ್ಚೀಫ್ ತೆಗೀರಿ, ಒಂದು ಫೋಟೋ!" ಉರುಳೆ ತಿರುಗಿಸಿದವನು ಮೊಬೈಲು ಎತ್ತಿದ್ದ.

ಅಮ್ಮ ಕರವಸ್ತ್ರ ಕೆಳಗಿಳಿಸಿದಳು.

ಜನ ಉರುಳೆಯನ್ನೂ ಅಮ್ಮನನ್ನೂ ನೋಡಿದರು. ಆಮೇಲೆ ಚಪ್ಪಾಳೆ. "ಅಬ್ಬಾ! ಥೇಟ್ ಹಾಗೇ ಮಾಡ್ತಾರಲ್ರೀ ಅಜ್ಜಿ! ಯಾರಿಗೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ!"

ಇವಳು ನನ್ನಮ್ಮ ಎಂದು ಮಗಳು ಹೇಳಲಿಲ್ಲ. ತನ್ನ ಕೈಗಳೂ ಚಪ್ಪಾಳೆ ತಟ್ಟುತ್ತಿರುವುದು ಅವಳಿಗೆ ತಡವಾಗಿ ಗೊತ್ತಾಯಿತು.

"ಸಾಕು ಬಿಡಿ ಅಜ್ಜಿ, ದವಡೆ ನೋಯತ್ತೆ," ಎಂದ ಅವನು.

ಅಮ್ಮ ಬಿಡಲಿಲ್ಲ. ಚಪ್ಪಾಳೆ ತೆಳುವಾಗಿ ನಿಂತಿತು. ಎಲ್ಲರೂ ಮುಗುಳ್ನಗುತ್ತ, ಆ ಮುಖ ಸರಿಹೋಗಲೆಂದು ಕಾಯತೊಡಗಿದರು.

ಅಪ್ಪನ ತೋಳಿನಲ್ಲಿದ್ದ ಒಂದು ಪುಟ್ಟ ಮಗುವಿಗೆ ತಾಳ್ಮೆ ಸಾಲಲಿಲ್ಲ. ಅದು ಮುಂದಕ್ಕೆ ಬಗ್ಗಿ, ಅಮ್ಮನ ಗಲ್ಲಕ್ಕೆ ಅಂಗೈ ಊರಿ, ಉರುಳೆ ತಿರುಗಿಸುವಂತೆ ಇದ್ದ ಬಲವನ್ನೆಲ್ಲ ಹಾಕಿ ತಳ್ಳಿತು. ಅಮ್ಮ ಕುತ್ತಿಗೆ ಬಿಗಿ ಮಾಡಲಿಲ್ಲ. ಮುಖ ನಿಧಾನವಾಗಿ, ಮಗು ತಳ್ಳಿದತ್ತ, ಮಗಳ ಕಡೆಗೆ ತಿರುಗತೊಡಗಿತು.